ಬೂಸ್ಟಿನ ಬಾಣ, ಮನುಷ್ಯನ ಮದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಕಾಲೇಜೊಂದರಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ ಜಗಳೂರು, ಮಾಯಕೊಂಡ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಹಳ್ಳಿಗಳಿಗೆ ಹೋಗಿ ಶಿಲೀಂಧ್ರಗಳ ಬಗ್ಗೆ ಮಾತನಾಡುವುದು ಹಲವು ವರ್ಷಗಳಿಂದ ಬೆಳೆದು ಬಂದ ರೂಢಿ. ನನ್ನ ಮಾತು ಅರ್ಧ ಗಂಟೆಯಾದರೆ ಜನರ ಪ್ರಶ್ನೆಗಳು ಒಂದೂವರೆ ಗಂಟೆ. ಒಂದೇ ಪ್ರಶ್ನೆ ಒಂದೊಂದು ಊರಿನಲ್ಲಿ ಒಂದೊಂದು ಮಾತಿನಲ್ಲಿ ಬರುತ್ತದೆ. ಅವುಗಳಲ್ಲಿ ಹೆಚ್ಚಾಗಿ ಕೇಳಿದವನ್ನು ಆರಿಸಿ, ಸಭೆಯಲ್ಲಿ ಹೇಳಲು ಪುರಸೊತ್ತಾಗದ ಸಂಗತಿಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಶಿಲೀಂಧ್ರ, ಬೂಸ್ಟು, ಅಣಬೆ ಎಲ್ಲವೂ ಒಂದೇ ಏನು?

ಒಂದೇ ಕುಲ, ಬೇರೆ ಬೇರೆ ಮನೆತನ. ರೊಟ್ಟಿಯ ಮೇಲಿನ ಹಸಿರು ಬೂಸ್ಟು, ಮಳೆ ಬಿದ್ದ ಮೇಲೆ ಹುತ್ತದ ಬಳಿ ಏಳುವ ಅಣಬೆ, ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಈಸ್ಟ್, ಚರ್ಮದ ಮೇಲಿನ ಹುಳುಕಡ್ಡಿ ಎಲ್ಲವೂ ಶಿಲೀಂಧ್ರಗಳೇ. ಇವು ಗಿಡಗಳಲ್ಲ. ವಂಶದ ಲೆಕ್ಕ ಹಾಕಿದರೆ ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೆ, ಅಂದರೆ ನಮಗೆ, ಹತ್ತಿರದ ನೆಂಟರು. ಈ ನೆಂಟಸ್ತಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹೆಸರಿಟ್ಟು ಗುರುತಿಸಿರುವ ಜಾತಿಗಳು ಸುಮಾರು ಒಂದೂವರೆ ಲಕ್ಷ. ಭೂಮಿಯ ಮೇಲೆ ಒಟ್ಟು 22 ಲಕ್ಷದಿಂದ 38 ಲಕ್ಷ ಜಾತಿಗಳಿರಬಹುದು ಎಂದು 2017ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು.

ಓಡಲಾರದ, ಕಚ್ಚಲಾರದ ಬೂಸ್ಟು ತನ್ನನ್ನು ಹೇಗೆ ಕಾಪಾಡಿಕೊಳ್ಳುತ್ತದೆ?

ಅದು ಊಟ ಮಾಡುವ ರೀತಿಯನ್ನು ಮೊದಲು ನೋಡಬೇಕು. ನಾವು ತಿಂದು ಆಮೇಲೆ ಹೊಟ್ಟೆಯಲ್ಲಿ ಅರಗಿಸಿಕೊಳ್ಳುತ್ತೇವೆ. ಶಿಲೀಂಧ್ರ ಮೊದಲು ಅರಗಿಸಿ ಆಮೇಲೆ ತಿನ್ನುತ್ತದೆ. ನೂಲಿಗಿಂತ ತೆಳುವಾದ ಎಳೆಗಳನ್ನು ಕಾಳಿನೊಳಗೆ, ಸೊಪ್ಪಿನೊಳಗೆ, ಮಣ್ಣಿನೊಳಗೆ ಚಾಚಿ, ಕಿಣ್ವಗಳನ್ನು ಹೊರಗೆ ಸುರಿದು, ಕರಗಿದ ರಸವನ್ನು ಹೀರಿಕೊಳ್ಳುತ್ತದೆ. ಅಂದರೆ ಅಡುಗೆ ಮಾಡಿ ಬಾಗಿಲು ತೆರೆದಿಟ್ಟ ಮನೆ ಅದು. ವಾಸನೆ ಹಿಡಿದು ಬ್ಯಾಕ್ಟೀರಿಯಾ ಬರುತ್ತವೆ, ಬೇರೆ ಶಿಲೀಂಧ್ರಗಳು ಬರುತ್ತವೆ, ಎಳೆಗಳನ್ನೇ ಮೇಯುವ ಪುಟ್ಟ ಕೀಟಗಳು ಮತ್ತು ಜಂತುಹುಳುಗಳು ಬರುತ್ತವೆ. ಎದ್ದು ಓಡುವಂತಿಲ್ಲ. ಹಾಗಾಗಿ ವಿಷ ಕಾಯಿಸಿ ಸುತ್ತಲೂ ಚೆಲ್ಲುತ್ತದೆ.

ಈ ವಿಷವನ್ನು ಅದು ಎಲ್ಲ ಹೊತ್ತಿನಲ್ಲೂ ತಯಾರಿಸುವುದಿಲ್ಲ. ತಯಾರಿಸಲು ಶಕ್ತಿ ಖರ್ಚಾಗುತ್ತದೆ. 2009ರಲ್ಲಿ ಜರ್ಮನಿಯ ಸಂಶೋಧಕರು ಆಸ್ಪರ್ಜಿಲಸ್ ನಿಡುಲನ್ಸ್ ಎಂಬ ಬೂಸ್ಟನ್ನು ಮಣ್ಣಿನ ಬ್ಯಾಕ್ಟೀರಿಯಾಗಳ ಜೊತೆ ಬೆಳೆಸಿದರು. ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ ಬಂದು ಮೈಗೆ ಮೈ ತಾಗಿದಾಗ ಮಾತ್ರ ಬೂಸ್ಟಿನ ಒಂದಷ್ಟು ಜೀನ್‌ಗಳು ಎಚ್ಚರಗೊಂಡವು. ನಡುವೆ ಪೊರೆ ಇಟ್ಟು ಬೇರ್ಪಡಿಸಿದಾಗ ಏನೂ ಆಗಲಿಲ್ಲ. ಶತ್ರು ಹೊಸ್ತಿಲು ತುಳಿದ ಮೇಲೆಯೇ ಬಾಣ ಹೂಡಿತು.

ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಯುವ ಅಕ್ಕಂದಿರಿಗೆ ಇನ್ನೊಂದು ಸಂಗತಿ ಹೇಳಿದರೆ ಅವರಿಗೆ ನಂಬುವುದೇ ಕಷ್ಟವಾಗುತ್ತದೆ. ನೀವು ಸಾರು ಮಾಡುವ ಆ ಸಾಧು ಅಣಬೆ ಬೇಟೆಗಾರ. ಅದರ ಎಳೆಗಳ ಮೇಲೆ ಕಡ್ಡಿಗೆ ಸಿಕ್ಕಿಸಿದ ಲಾಲಿಪಾಪ್ ಆಕಾರದ ಸೂಕ್ಷ್ಮ ಬುರುಡೆಗಳಿವೆ. ಜಂತುಹುಳು ಅದಕ್ಕೆ ತಾಗಿದರೆ ಬುರುಡೆ ಒಡೆದು ಆವಿಯಾಗುವ ರಾಸಾಯನಿಕವೊಂದು ಹೊರಬರುತ್ತದೆ. ಹುಳು ನಿಮಿಷಗಳಲ್ಲಿ ಮರಗಟ್ಟುತ್ತದೆ. ಆಮೇಲೆ ಎಳೆಗಳು ಅದರ ಮೈಯೊಳಗೆ ನುಗ್ಗಿ ಸಾರಜನಕ ಹೀರುತ್ತವೆ. ಆ ರಾಸಾಯನಿಕ 3-ಆಕ್ಟನೋನ್ ಎಂದು ಗೊತ್ತಾದದ್ದು 2023ರಲ್ಲಿ. ಅಣಬೆ ತಿನ್ನುವ ನಿಮಗೆ ಇದರಿಂದ ಯಾವ ಅಪಾಯವೂ ಇಲ್ಲ.

ಈ ಜಗಳವನ್ನು ನೀವು ಕಣ್ಣಾರೆ ನೋಡಿದ್ದೀರಾ?

ವರ್ಷಕ್ಕೆ ಒಮ್ಮೆಯಾದರೂ ನೋಡುತ್ತೇನೆ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಜೋಗಿಮಟ್ಟಿ ತಪ್ಪಲಿನ ಹೊಲದ ಬದುವಿನಿಂದ ವಿದ್ಯಾರ್ಥಿನಿಯೊಬ್ಬಳು ಒಂದು ಹಿಡಿ ಮಣ್ಣು ತಂದಿದ್ದಳು. ಒಂದು ಚಿಟಿಕೆ ಮಣ್ಣನ್ನು ನೀರಿನಲ್ಲಿ ಕದಡಿ, ಆ ನೀರನ್ನು ಮತ್ತೆ ಮತ್ತೆ ತೆಳುವಾಗಿಸಿ, ಗಾಜಿನ ತಟ್ಟೆಯಲ್ಲಿನ ಅಗರ್ ಎಂಬ ಪೋಷಕ ಲೋಳೆಯ ಮೇಲೆ ಸವರಿದೆವು. ನಾಲ್ಕನೆಯ ದಿನ ತಟ್ಟೆ ತುಂಬ ಬ್ಯಾಕ್ಟೀರಿಯಾ ಮಸುಕಾದ ಗಂಜಿಯ ಕೆನೆಯಂತೆ ಹರಡಿತ್ತು. ನಡುವೆ ಗೋರಂಟಿ ಪುಡಿಯ ಬಣ್ಣದ ಒಂದು ಬೂಸ್ಟಿನ ಚುಕ್ಕೆ. ಅದರ ಸುತ್ತ ಬೆರಳಗಲದ ಉಂಗುರದಷ್ಟು ಜಾಗ ಸ್ಫಟಿಕದಂತೆ ತಿಳಿಯಾಗಿತ್ತು. ಅಲ್ಲಿ ಒಂದು ಬ್ಯಾಕ್ಟೀರಿಯಾವೂ ಬೆಳೆದಿರಲಿಲ್ಲ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಆ ಉಂಗುರದೊಳಗಿಂದ ಹೊರಗಿನ ಬೇವಿನ ಮರ ಕಾಣುತ್ತಿತ್ತು, ಉಳಿದ ಕಡೆ ಬರೀ ಮಂಜು. ಆ ಹುಡುಗಿ ಮಾತಿಲ್ಲದೆ ಬಹಳ ಹೊತ್ತು ನೋಡಿದಳು. ನಾನೂ ನೋಡಿದೆ.

ಆ ಬೂಸ್ಟಿನಿಂದ ಔಷಧ ಬಂತೇ ಎಂದು ಕೇಳುತ್ತೀರಿ. ಇಲ್ಲ. ತಿಳಿಯಾದ ಉಂಗುರ ಕಾಣುವುದು ಸಾವಿರ ಮೆಟ್ಟಿಲುಗಳ ಬೆಟ್ಟದಲ್ಲಿ ಮೊದಲ ಮೆಟ್ಟಿಲು.

ಪೆನ್ಸಿಲಿನ್ ಕಂಡದ್ದೂ ಹೀಗೆಯೇ ಅಲ್ಲವೇ?

ಹೌದು, ಅಂಥದೇ ಒಂದು ಉಂಗುರ. 1928ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದಾಗ, ಬಿಟ್ಟುಹೋಗಿದ್ದ ತಟ್ಟೆಯೊಂದರಲ್ಲಿ ಪೆನಿಸಿಲಿಯಂ ಬೂಸ್ಟು ಬಿದ್ದು ಸುತ್ತಲಿನ ಬ್ಯಾಕ್ಟೀರಿಯಾ ಕರಗಿದ್ದವು. ಪಾಠಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ, ಅದು ನನಗೆ ಬೇಸರ. ಏಕೆಂದರೆ ಫ್ಲೆಮಿಂಗ್‌ಗೆ ಆ ವಸ್ತುವನ್ನು ಶುದ್ಧ ಮಾಡಲಾಗಲಿಲ್ಲ. ಮುಂದಿನ ಹತ್ತು ವರ್ಷ ಅದು ಕಪಾಟಿನಲ್ಲಿ ಉಳಿಯಿತು. ಆಕ್ಸ್‌ಫರ್ಡ್‌ನ ಹಾವರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್, ನಾರ್ಮನ್ ಹೀಟ್ಲಿ ಅದನ್ನು ಬೇರ್ಪಡಿಸಿದರು. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಸೋಂಕಿನ ಚಿಕಿತ್ಸೆಗೆಂದು ಕೊಟ್ಟರು. ಜ್ವರ ಇಳಿಯಿತು, ಹಸಿವಾಯಿತು. ಔಷಧ ಎಷ್ಟು ಕಡಿಮೆ ಇತ್ತೆಂದರೆ ಅವನ ಮೂತ್ರದಿಂದ ಪೆನ್ಸಿಲಿನ್ ಸೋಸಿ ಮತ್ತೆ ಅವನಿಗೇ ಚುಚ್ಚುತ್ತಿದ್ದರು. ಕೊನೆಗೆ ಮುಗಿಯಿತು, ಅವನು ತೀರಿಕೊಂಡ.

ಹೇರಳವಾಗಿ ತಯಾರಿಸಲು ದಾರಿ ತೋರಿಸಿದ್ದು 1943ರಲ್ಲಿ ಅಮೆರಿಕದ ಪಿಯೋರಿಯಾ ಊರಿನಲ್ಲಿ ಸಿಕ್ಕ ಬೂಸ್ಟು ಹಿಡಿದ ಒಂದು ಕರಬೂಜದ ಹಣ್ಣು. ಅದರ ಮೇಲಿದ್ದ ಪೆನಿಸಿಲಿಯಂ ತಳಿ ಫ್ಲೆಮಿಂಗ್‌ನ ತಳಿಗಿಂತ ಎಷ್ಟೋ ಪಟ್ಟು ಹೆಚ್ಚು ಪೆನ್ಸಿಲಿನ್ ಕೊಟ್ಟಿತು. ನಮ್ಮ ದೇಶದಲ್ಲಿ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾಯಿತು.

ಬ್ಯಾಕ್ಟೀರಿಯಾವನ್ನು ಕೊಲ್ಲುವ ವಿಷ ನಮ್ಮನ್ನು ಏಕೆ ಕೊಲ್ಲುವುದಿಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಬಾಣ ಎಲ್ಲಿ ನಾಟುತ್ತದೆ ಎಂಬುದರ ಮೇಲೆ ಅದು ಮದ್ದೋ ವಿಷವೋ ಎನ್ನುವುದು ನಿರ್ಧಾರವಾಗುತ್ತದೆ.

ಬ್ಯಾಕ್ಟೀರಿಯಾದ ಕೋಶದ ಸುತ್ತ ಒಂದು ಗಟ್ಟಿ ಗೋಡೆ ಇದೆ. ಬೆಳೆಯುವಾಗ ಅದು ಆ ಗೋಡೆಯನ್ನು ಕಟ್ಟುತ್ತಲೇ ಇರಬೇಕು. ಪೆನ್ಸಿಲಿನ್ ಗೋಡೆ ಕಟ್ಟುವ ಕಿಣ್ವಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಗಾರೆಯಿಲ್ಲದ ಗೋಡೆ ಒಳಗಿನ ಒತ್ತಡಕ್ಕೆ ಬಿರಿಯುತ್ತದೆ. ನಮ್ಮ ಜೀವಕೋಶಗಳಿಗೆ ಗೋಡೆಯೇ ಇಲ್ಲ, ಗುರಿಯೇ ಇಲ್ಲದ ಕಡೆ ಬಾಣಕ್ಕೆ ಕೆಲಸವಿಲ್ಲ. ಕೆಲವರಿಗೆ ಪೆನ್ಸಿಲಿನ್ ಅಲರ್ಜಿಯಾಗುವುದು ಬೇರೆ ಕಾರಣಕ್ಕೆ. ಅಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಔಷಧವನ್ನು ಶತ್ರುವೆಂದು ತಪ್ಪು ತಿಳಿಯುತ್ತದೆ.

ಶಿಲೀಂಧ್ರ ಇನ್ನೊಂದು ಶಿಲೀಂಧ್ರದ ಮೇಲೆ ಬಿಡುವ ಬಾಣಗಳೂ ಇವೆ. ಮೊದಲು ಹೇಳಿದ ನೆಂಟಸ್ತಿಕೆ ಇಲ್ಲಿ ತೊಡಕಾಗುತ್ತದೆ. ಶಿಲೀಂಧ್ರದ ಒಳಗಿನ ಯಂತ್ರಗಳು ನಮ್ಮವನ್ನೇ ಹೋಲುವುದರಿಂದ ಶಿಲೀಂಧ್ರವನ್ನು ಕೊಂದು ರೋಗಿಯನ್ನು ಉಳಿಸುವ ಔಷಧಗಳು ಬಹಳ ಕಡಿಮೆ. ಆದರೂ ಅವುಗಳಿಗೆ ಗ್ಲೂಕನ್ ಎಂಬ ವಸ್ತುವಿನ ಗೋಡೆಯಿದೆ, ನಮಗಿಲ್ಲ. ಸ್ಪೇನಿನ ಲೊಜೋಯಾ ನದಿ ಕಣಿವೆಯ ಶಿಲೀಂಧ್ರವೊಂದು ಆ ಗೋಡೆಗೇ ಗುರಿಯಿಡುವ ವಸ್ತು ತಯಾರಿಸುತ್ತಿತ್ತು. ಅದರಿಂದ ರೂಪುಗೊಂಡ ಕ್ಯಾಸ್ಪೋಫಂಜಿನ್ ಎಂಬ ಚುಚ್ಚುಮದ್ದು 2001ರಲ್ಲಿ ಬಳಕೆಗೆ ಬಂತು. ಇಂದು ತೀವ್ರ ನಿಗಾ ಘಟಕಗಳಲ್ಲಿ ರಕ್ತಕ್ಕಿಳಿದ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಿಗೆ ಅದನ್ನು ಕೊಡುತ್ತಾರೆ.

ಹಾಗಾದರೆ ಬೂಸ್ಟು ಹಿಡಿದ ರೊಟ್ಟಿ ತಿಂದರೆ ಪೆನ್ಸಿಲಿನ್ ಸಿಗುವುದಿಲ್ಲವೇ? ನಮ್ಮಜ್ಜಿ ಗಾಯಕ್ಕೆ ಕಟ್ಟುತ್ತಿದ್ದರು.

ದಯವಿಟ್ಟು ತಿನ್ನಬೇಡಿ, ಕಟ್ಟಲೂ ಬೇಡಿ. ಅಜ್ಜಿಯ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ಅವರನ್ನು ದೂರುವುದಿಲ್ಲ. ಆದರೆ ಕಣ್ಣಿಗೆ ಒಂದೇ ಬಣ್ಣ ಕಾಣುವ ಹತ್ತು ಬೂಸ್ಟುಗಳು ಹತ್ತು ಬೇರೆ ವಸ್ತುಗಳನ್ನು ತಯಾರಿಸುತ್ತವೆ. ಯಾವುದು ಎಷ್ಟಿದೆ ಎಂದು ರೊಟ್ಟಿ ನೋಡಿ ಹೇಳಲು ನನಗೂ ಸಾಧ್ಯವಿಲ್ಲ.

ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಈ ಮಾತು ಬರೀ ರೊಟ್ಟಿಯದಲ್ಲ. ಅಕಾಲದ ಮಳೆಗೆ ಸಿಕ್ಕ ಮೆಕ್ಕೆಜೋಳ, ಸರಿಯಾಗಿ ಒಣಗದೆ ಚೀಲ ಸೇರಿದ ಚಳ್ಳಕೆರೆಯ ಶೇಂಗಾ, ಎರಡೂ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಸ್ಟಿಗೆ ಇಷ್ಟವಾದ ಮನೆ. ಆನಗೋಡಿನ ಕಡೆ ಒಬ್ಬ ರೈತರ ಕಣದಲ್ಲಿ ಒಂದು ತೆನೆಯ ಸಿಪ್ಪೆ ಸುಲಿದು ನೋಡಿದ್ದೆ. ತುದಿಯ ಕಾಳುಗಳ ಸಂದಿಯಲ್ಲಿ ಹಸಿರು ಮಿಶ್ರಿತ ಹಳದಿ ಪುಡಿ. ಊದಿದರೆ ಹೊಗೆಯಂತೆ ಏಳುತ್ತಿತ್ತು. ಮುಗ್ಗಲು ವಾಸನೆ ಕೈಯಿಂದ ಸಂಜೆಯವರೆಗೂ ಹೋಗಲಿಲ್ಲ. ಅದು ತಯಾರಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಕೀಟಗಳಿಂದ ಬೂಸ್ಟನ್ನು ಕಾಪಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಆದರೆ ಈ ಬಾಣ ನಾಟುವುದು ಡಿಎನ್ಎಗೆ, ಡಿಎನ್ಎ ಕೀಟಕ್ಕೂ ಇದೆ, ನಮಗೂ ಇದೆ. ನಮ್ಮ ಯಕೃತ್ತು ಅದನ್ನು ಒಡೆಯಲು ಹೋಗಿ ಇನ್ನೂ ಹರಿತ ಮಾಡುತ್ತದೆ, ಅದೇ ಮುಂದೆ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಇಂಥ ಮೆಕ್ಕೆಜೋಳ ತಿಂದು 106 ಜನ ಸತ್ತರು.

ಹುರಿದರೂ ಬೇಯಿಸಿದರೂ ಅಫ್ಲಾಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ದನಕ್ಕೆ ಹಾಕಿದರಾಯಿತು ಎನ್ನುವವರಿಗೂ ಒಂದು ಮಾತು: ಅದು ರೂಪ ಬದಲಿಸಿ ಹಾಲಿಗೆ ಬರುತ್ತದೆ, ಆ ಹಾಲು ಮಕ್ಕಳ ಲೋಟಕ್ಕೆ. ಮೆಕ್ಕೆಜೋಳದ ತೇವಾಂಶ ಶೇ 14ಕ್ಕಿಂತ ಕೆಳಗೆ ಬರುವವರೆಗೆ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಚೀಲ ಇಡಿ, ಬೂಸ್ಟು ಹಿಡಿದ ತೆನೆ ಬೇರೆ ಮಾಡಿ.

ನಮ್ಮ ಮನೆಯ ಮಾತ್ರೆ ಡಬ್ಬಿಯಲ್ಲಿ ಶಿಲೀಂಧ್ರದಿಂದ ಬಂದದ್ದು ಯಾವುದಾದರೂ ಇದೆಯೇ?

ಇದ್ದೇ ಇರುತ್ತದೆ. ಮಕ್ಕಳ ಗಂಟಲು ನೋವಿಗೆ ಕೊಡುವ ಅಮಾಕ್ಸಿಸಿಲಿನ್ ಪೆನ್ಸಿಲಿನ್‌ನ ತಮ್ಮ. ಟೈಫಾಯ್ಡ್‌ಗೆ ಬರೆದುಕೊಡುವ ಸೆಫಿಕ್ಸಿಮ್ ಸೆಫಲೋಸ್ಪೊರಿನ್ ಕುಟುಂಬದ್ದು. ಆ ಕುಟುಂಬದ ಮೂಲ ಇಟಲಿಯ ಸಾರ್ಡೀನಿಯಾ ದ್ವೀಪದ ಚರಂಡಿ ನೀರು ಸಮುದ್ರ ಸೇರುವ ಜಾಗ. 1945ರಲ್ಲಿ ಜುಸೆಪ್ಪೆ ಬ್ರೋಟ್ಸು ಎಂಬ ವೈದ್ಯರಿಗೆ ಆ ನೀರಿನಲ್ಲಿ ಒಂದು ಶಿಲೀಂಧ್ರ ಸಿಕ್ಕಿತು. ಬೆಂಕಿಗಾಯ, ಕುರುಗಳಿಗೆ ಹಚ್ಚುವ ಫ್ಯುಸಿಡಿಕ್ ಆಸಿಡ್ ಮುಲಾಮು ಮತ್ತೊಂದು ಶಿಲೀಂಧ್ರದ್ದು. ಹುಳುಕಡ್ಡಿ, ಗಜಕರ್ಣಕ್ಕೆ ನುಂಗುವ ಗ್ರಿಸಿಯೋಫುಲ್ವಿನ್ 1939ರಲ್ಲಿ ಪೆನಿಸಿಲಿಯಂನ ಒಂದು ಜಾತಿಯಲ್ಲಿ ಪತ್ತೆಯಾದದ್ದು. ಅದು ಶಿಲೀಂಧ್ರ ಇನ್ನೊಂದು ಶಿಲೀಂಧ್ರದ ಮೇಲೆ ಬಿಟ್ಟ ಬಾಣ.

ಹಿರಿಯರಿರುವ ಮನೆಯಲ್ಲಿ ಕೊಲೆಸ್ಟ್ರಾಲ್ ಮಾತ್ರೆ ಇದ್ದರೆ ಅದರ ಕಥೆ ನನಗೆ ಎಲ್ಲಕ್ಕಿಂತ ಪ್ರಿಯ. ಜಪಾನಿನ ಅಕಿರಾ ಎಂಡೊ ಹಳ್ಳಿಯಲ್ಲಿ ಬೆಳೆದವರು, ಬಾಲ್ಯದಿಂದಲೇ ಅಣಬೆಗಳ ಹುಚ್ಚು. ಕೆಲವು ಸೂಕ್ಷ್ಮಜೀವಿಗಳಿಗೆ ಬದುಕಲು ಕೊಲೆಸ್ಟ್ರಾಲ್‌ನಂಥ ವಸ್ತು ಬೇಕು. ಹಾಗಿದ್ದರೆ ಯಾವುದಾದರೂ ಶಿಲೀಂಧ್ರ ಆ ತಯಾರಿಕೆಯನ್ನೇ ತಡೆಯುವ ಅಸ್ತ್ರ ಮಾಡಿಕೊಂಡಿರಬೇಕಲ್ಲ ಎಂದು ಅವರು ತರ್ಕಿಸಿದರು. ಸುಮಾರು 6,000 ಬಗೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 1973ರಲ್ಲಿ ಉತ್ತರ ಕೊಟ್ಟದ್ದು ಕ್ಯೋಟೊ ನಗರದ ಅಂಗಡಿಯ ಅಕ್ಕಿಯಲ್ಲಿ ಬೆಳೆದಿದ್ದ ನೀಲಿಹಸಿರು ಬೂಸ್ಟು, ಪೆನಿಸಿಲಿಯಂ ಸಿಟ್ರಿನಂ. ನಮ್ಮ ಅಕ್ಕಿ ಗಿರಣಿಗಳ ಮೂಲೆಯಲ್ಲೂ ಅದರ ನೆಂಟರು ಇರುತ್ತಾರೆ. ಮುಂದೆ ಆಸ್ಪರ್ಜಿಲಸ್ ಟೆರಿಯಸ್ ಎಂಬ ಬೂಸ್ಟಿನಿಂದ ಬಂದ ಲೊವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ 1987ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಈಗ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಕಾರ್ಖಾನೆಯಲ್ಲಿ ಕಟ್ಟಿದ ಅಣುಗಳು, ಆದರೆ ಗುರಿ ತೋರಿಸಿಕೊಟ್ಟದ್ದು ಬೂಸ್ಟು.

ಹೆರಿಗೆ ವಾರ್ಡಿನಲ್ಲೂ ಒಂದು ಇದೆ. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಕೊಡುವ ಮೀಥೈಲ್ ಅರ್ಗೊಮೆಟ್ರಿನ್ ಚುಚ್ಚುಮದ್ದಿನ ಮೂಲ ರೈ ಎಂಬ ಧಾನ್ಯದ ತೆನೆಗೆ ಹತ್ತುವ ಅರ್ಗಟ್ ಶಿಲೀಂಧ್ರ. ಕಾಳಿನ ಜಾಗದಲ್ಲಿ ಅದು ಕಪ್ಪಗೆ ಕೊಂಬಿನಂಥ ಗಟ್ಟಿ ಉಂಡೆಯಾಗುತ್ತದೆ. ಮಧ್ಯಯುಗದ ಯುರೋಪಿನಲ್ಲಿ ಅಂಥ ಹಿಟ್ಟಿನ ರೊಟ್ಟಿ ತಿಂದವರ ಕೈಕಾಲು ಕೊಳೆತು ಉದುರಿದವು, ಏಕೆಂದರೆ ಅದು ರಕ್ತನಾಳಗಳನ್ನು ಬಿಗಿಯುತ್ತದೆ. ಅದೇ ಬಿಗಿತವನ್ನು ಅಳೆದು ತೂಗಿ ಕೊಟ್ಟಾಗ ತಾಯಿಯ ಜೀವ ಉಳಿಯುತ್ತದೆ. ರಕ್ತದೊತ್ತಡ ಹೆಚ್ಚಿರುವ ತಾಯಿಗೆ ಅದನ್ನು ಕೊಡುವುದಿಲ್ಲ. ನಮ್ಮ ಸಜ್ಜೆಗೂ ಅರ್ಗಟ್‌ನ ಇನ್ನೊಂದು ಜಾತಿ ಹತ್ತುತ್ತದೆ. ಬಿತ್ತನೆ ಬೀಜವನ್ನು ಉಪ್ಪು ನೀರಿಗೆ ಹಾಕಿದರೆ ಆ ಉಂಡೆಗಳು ತೇಲುತ್ತವೆ, ತೆಗೆದು ಎಸೆಯಬಹುದು.

ಮೂತ್ರಪಿಂಡ ಕಸಿಯಾದ ನಮ್ಮ ಸಂಬಂಧಿಕರಿಗೆ ಜೀವನಪೂರ್ತಿ ಕೊಡುವ ಮಾತ್ರೆಗಳೂ ಬೂಸ್ಟಿನವೇ?

ಎರಡು ಮುಖ್ಯ ಔಷಧಗಳು ಹೌದು. ಒಂದು ಸೈಕ್ಲೋಸ್ಪೊರಿನ್. ನಾರ್ವೆಯ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಗೆ ರಜೆಗೆ ಹೋದ ಸ್ವಿಸ್ ಔಷಧ ಕಂಪನಿಯ ನೌಕರರು 1969ರಲ್ಲಿ ಮಣ್ಣು ತಂದರು. ಅದರಲ್ಲಿದ್ದ ಟೊಲಿಪೊಕ್ಲೇಡಿಯಂ ಶಿಲೀಂಧ್ರದ ವಸ್ತು ಬೇರೆ ಶಿಲೀಂಧ್ರಗಳ ಮೇಲೆ ಸಾಧಾರಣ ಕೆಲಸ ಮಾಡಿತು, ನಮ್ಮ ರೋಗನಿರೋಧಕ ಕೋಶಗಳನ್ನು ಮಾತ್ರ ಗಾಢವಾಗಿ ಸುಮ್ಮನಾಗಿಸಿತು. ಶಿಲೀಂಧ್ರದಲ್ಲೂ ನಮ್ಮಲ್ಲೂ ಒಂದೇ ಬಗೆಯ ಪ್ರೊಟೀನ್ ಇರುವುದರಿಂದ ಅಲ್ಲಿಗೆಂದು ಬಿಟ್ಟ ಬಾಣ ಇಲ್ಲೂ ನಾಟಿತು. ಕಸಿ ಮಾಡಿದ ಅಂಗವನ್ನು ದೇಹ ತಳ್ಳಿಹಾಕದಂತೆ ತಡೆಯಲು ಬೇಕಾದದ್ದೂ ಅದೇ.

ಇನ್ನೊಂದು ಮೈಕೊಫಿನೋಲೇಟ್. ಇದರ ಕಥೆ ಮೆಕ್ಕೆಜೋಳದ ನಾಡಿನವರಾದ ನಾವು ತಿಳಿಯಬೇಕಾದದ್ದು. 1893ರಲ್ಲಿ ಇಟಲಿಯ ಬಾರ್ತೊಲೊಮಿಯೊ ಗೋಸಿಯೊ, ಪೆಲಾಗ್ರಾ ರೋಗಕ್ಕೆ ಕಾರಣ ಹುಡುಕುತ್ತ, ಕೆಟ್ಟ ಮೆಕ್ಕೆಜೋಳದ ಬೂಸ್ಟಿನಿಂದ ಹರಳುಗಳನ್ನು ಬೇರ್ಪಡಿಸಿದರು. ಆ ಹರಳು ಆಂತ್ರಾಕ್ಸ್ ಬ್ಯಾಕ್ಟೀರಿಯಾವನ್ನು ತಡೆಯಿತು. ಫ್ಲೆಮಿಂಗ್‌ಗಿಂತ 35 ವರ್ಷ ಮೊದಲು! ಪೆಲಾಗ್ರಾಕ್ಕೆ ಕಾರಣ ಬೂಸ್ಟಲ್ಲ, ನಯಾಸಿನ್ ಜೀವಸತ್ವದ ಕೊರತೆ ಎಂದು ಆಮೇಲೆ ತಿಳಿಯಿತು. ಗೋಸಿಯೊ ಅವರ ಹರಳನ್ನು ಲೋಕ ಮರೆಯಿತು. ನೂರು ವರ್ಷಗಳ ನಂತರ, 1995ರಲ್ಲಿ, ಅದೇ ಹರಳಿನ ವಸ್ತುವಿನ ಒಂದು ರೂಪ ಮೂತ್ರಪಿಂಡ ಕಸಿಯ ಔಷಧವಾಯಿತು. ಈ ಮಾತ್ರೆಗಳನ್ನು ಒಂದು ದಿನವೂ ವೈದ್ಯರನ್ನು ಕೇಳದೆ ಬಿಡಬಾರದು ಎಂದು ನಿಮ್ಮ ಸಂಬಂಧಿಕರಿಗೆ ಹೇಳಿ.

ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಕೂಡ ಶಿಲೀಂಧ್ರದ್ದೇ?

ಅಲ್ಲ. ಅದು ಮಣ್ಣಿನ ಬ್ಯಾಕ್ಟೀರಿಯಾದ್ದು. ಆ ಬ್ಯಾಕ್ಟೀರಿಯಾ ಎಳೆ ಎಳೆಯಾಗಿ ಬೆಳೆಯುವುದರಿಂದ ಹಿಂದೆ ಶಿಲೀಂಧ್ರವೆಂದೇ ಭಾವಿಸಿದ್ದರು.

ಹೊಲಕ್ಕೆ ಹೊಡೆಯುವ ಔಷಧಿಯಲ್ಲೂ ಅಣಬೆಯ ಅಂಶವಿದೆ ಎಂದಿರಿ, ನಿಜವೇ?

ನಿಜ. ಭತ್ತಕ್ಕೂ ಮೆಣಸಿನಕಾಯಿಗೂ ಸಿಂಪಡಿಸುವ ಅಝಾಕ್ಸಿಸ್ಟ್ರೋಬಿನ್ ಎಂಬ ಶಿಲೀಂಧ್ರನಾಶಕದ ಹೆಸರಿನಲ್ಲೇ ಅಣಬೆ ಅಡಗಿದೆ. ಯುರೋಪಿನಲ್ಲಿ ಪೈನ್ ಮರದ ಕಾಯಿಗಳ ಮೇಲೆ ಬೆಳೆಯುವ ಸ್ಟ್ರೋಬಿಲ್ಯೂರಸ್ ಎಂಬ ಪುಟ್ಟ ಅಣಬೆಯ ಸುತ್ತ ಬೇರೆ ಶಿಲೀಂಧ್ರಗಳು ಬರುವುದಿಲ್ಲ. 1977ರಲ್ಲಿ ಜರ್ಮನ್ ವಿಜ್ಞಾನಿಗಳು ಅದರ ಅಸ್ತ್ರವನ್ನು ಬೇರ್ಪಡಿಸಿದರು. ಮೂಲ ಅಣು ಬಿಸಿಲಿಗೆ ಬೇಗ ಒಡೆಯುತ್ತಿತ್ತು, ಅದನ್ನು ತಿದ್ದಿ ಗಟ್ಟಿ ಮಾಡಿದ ರೂಪ 1996ರಲ್ಲಿ ಮಾರಾಟಕ್ಕೆ ಬಂತು. ಎರಡೇ ವರ್ಷದಲ್ಲಿ, 1998ರಲ್ಲಿ, ಜರ್ಮನಿಯ ಗೋಧಿಯ ಬೂದಿರೋಗ ಅದಕ್ಕೆ ಜಗ್ಗದಂತಾಯಿತು. ಒಂದೇ ಜೀನ್‌ನ ಒಂದೇ ಬದಲಾವಣೆ ಸಾಕಾಗಿತ್ತು. ಹಾಗಾಗಿ ಸತತವಾಗಿ ಒಂದೇ ಗುಂಪಿನ ಶಿಲೀಂಧ್ರನಾಶಕ ಹೊಡೆಯಬೇಡಿ ಎಂದು ಕೃಷಿ ವಿಜ್ಞಾನಿಗಳು ಹೇಳಿದರೆ ಅದನ್ನು ಉಪೇಕ್ಷಿಸಬೇಡಿ.

ಬೆಳೆಯ ರೋಗ ತಡೆಯಲು ಬಳಸುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಪುಡಿಯನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ನೆರಳಲ್ಲಿ ಇಟ್ಟಾಗ ಕೆಲವು ತಳಿಗಳಲ್ಲಿ ಹಸಿ ತೆಂಗಿನಕಾಯಿಯ ಪರಿಮಳ ಬರುತ್ತದೆ, ಗಮನಿಸಿದ್ದೀರಾ? ಆ ಪರಿಮಳವೇ ಅಸ್ತ್ರ. ರೋಗದ ಶಿಲೀಂಧ್ರಗಳನ್ನು ಅದು ಹಿಮ್ಮೆಟ್ಟಿಸುತ್ತದೆ. ಅದೇ ಟ್ರೈಕೋಡರ್ಮಾ ಬಳಗದಲ್ಲಿ ಗ್ಲಿಯೋಟಾಕ್ಸಿನ್ ಎಂಬ ಮತ್ತೊಂದು ವಸ್ತುವೂ ಇದೆ. ಬೆಳೆಯ ಶತ್ರುವನ್ನು ಅದು ಕೊಲ್ಲುತ್ತದೆ, ನಮ್ಮ ರೋಗನಿರೋಧಕ ಕೋಶಗಳನ್ನೂ ಕೊಲ್ಲುತ್ತದೆ. ಆದ್ದರಿಂದ ಔಷಧವಾಗಲಿಲ್ಲ. ಪುಡಿ ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಕ್ಯಾನ್ಸರ್ ವಾಸಿ ಮಾಡುತ್ತದೆಂದು ಒಬ್ಬರು ಅಣಬೆ ಕ್ಯಾಪ್ಸೂಲ್ ಮಾರಿದರು. ತೆಗೆದುಕೊಳ್ಳಬಹುದೇ?

ಈ ಪ್ರಶ್ನೆ ಕೇಳುವವರ ಕಣ್ಣಲ್ಲಿ ಆಸೆ ಇರುತ್ತದೆ, ಉತ್ತರಿಸುವುದು ನನಗೆ ಬಹಳ ಕಷ್ಟ. ಆದರೂ ಇದ್ದದ್ದನ್ನೇ ಹೇಳುತ್ತೇನೆ. ಜಪಾನಿನಲ್ಲಿ ಎರಡು ಅಣಬೆಗಳಿಂದ ತೆಗೆದ ಸಕ್ಕರೆಯ ಸರಪಳಿಗಳನ್ನು ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಪೂರಕವಾಗಿ ಬಳಸಿದ್ದಾರೆ. ಅವು ಅಣಬೆಯ ಗೋಡೆಯ ತುಂಡುಗಳು, ಅಸ್ತ್ರಗಳಲ್ಲ. ಕೀಮೊಥೆರಪಿಯ ಬದಲಿಗೆ ಅಲ್ಲಿಯೂ ಕೊಡುವುದಿಲ್ಲ. ಮನೆ ಬಾಗಿಲಿಗೆ ಬಂದು ಮಾರುವ ಕ್ಯಾಪ್ಸೂಲ್ ಯಾವ ಕ್ಯಾನ್ಸರನ್ನೂ ವಾಸಿ ಮಾಡಿದ ಪುರಾವೆ ಇಲ್ಲ. ನನ್ನ ಹತ್ತಿರದ ಬಂಧುವೊಬ್ಬರು ಆರು ತಿಂಗಳು ಅದನ್ನೇ ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರು. ಆ ಆರು ತಿಂಗಳು ಅವರಿಗೆ ಮರಳಿ ಸಿಗಲಿಲ್ಲ. ತೆಗೆದುಕೊಳ್ಳಲೇಬೇಕೆನಿಸಿದರೆ ಡಬ್ಬಿಯನ್ನು ನಿಮ್ಮ ಕ್ಯಾನ್ಸರ್ ವೈದ್ಯರಿಗೆ ತೋರಿಸಿ, ಅವರ ಚಿಕಿತ್ಸೆಯನ್ನು ಬಿಡಬೇಡಿ.

ಕಾಡಿನ ಅಣಬೆಯ ವಿಷದಿಂದಲೂ ಮದ್ದು ಮಾಡಬಹುದೇ?

ಪ್ರಯತ್ನ ನಡೆದಿದೆ. ಅಮನಿಟಾ ಜಾತಿಯ ಕೆಲವು ಅಣಬೆಗಳ ಅಮನಿಟಿನ್ ವಿಷವನ್ನು ಕ್ಯಾನ್ಸರ್ ಕೋಶವನ್ನಷ್ಟೇ ಗುರುತಿಸುವ ಪ್ರತಿಕಾಯಕ್ಕೆ ಕಟ್ಟಿ ಕಳಿಸುವ ಪ್ರಯೋಗಗಳು ರೋಗಿಗಳ ಮಟ್ಟಕ್ಕೆ ಬಂದಿವೆ. ಬಾಣಕ್ಕೆ ಹೊಸ ಗರಿ ಕಟ್ಟಿ ದಿಕ್ಕು ತೋರಿಸಿದಂತೆ. ಆದರೆ ಅಡುಗೆ ಮನೆಯಲ್ಲಿ ಆ ವಿಷಕ್ಕೆ ದಿಕ್ಕಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ತಿಂದ ಆರರಿಂದ ಹನ್ನೆರಡು ಗಂಟೆ ಏನೂ ಆಗುವುದಿಲ್ಲ, ಆಮೇಲೆ ವಾಂತಿ ಭೇದಿ, ನಡುವೆ ಗುಣವಾದಂತೆ ತೋರಿ ಮತ್ತೆ ಯಕೃತ್ತು ಕೈಕೊಡುತ್ತದೆ. ಬೆಳ್ಳಿಯ ಚಮಚ ಕಪ್ಪಾಗುವುದು, ಅರಿಸಿನ ಬಣ್ಣ ಬದಲಿಸುವುದು ಇವೆಲ್ಲ ಪರೀಕ್ಷೆಗಳಲ್ಲ. ಗೊತ್ತಿಲ್ಲದ ಅಣಬೆ ತಿಂದವರನ್ನು ಚೆನ್ನಾಗಿದ್ದಾರೆಂದು ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ, ಉಳಿದ ಅಣಬೆಯನ್ನೂ ಜೊತೆಗೆ ಕೊಂಡೊಯ್ಯಿರಿ.

ಇಷ್ಟೆಲ್ಲ ಇದ್ದರೂ ಹೊಸ ಆ್ಯಂಟಿಬಯೋಟಿಕ್ ಏಕೆ ಬರುತ್ತಿಲ್ಲ?

ಬರುತ್ತಿವೆ, ಬಹಳ ನಿಧಾನವಾಗಿ. ಒಂದು ಅಣಬೆಯಲ್ಲಿ 1951ರಲ್ಲಿ ಪತ್ತೆಯಾದ ಪ್ಲುರೊಮ್ಯುಟಿಲಿನ್ ಎಂಬ ವಸ್ತುವಿನ ಒಂದು ರೂಪ ಮೊದಲು ಹಂದಿಗಳ ಔಷಧವಾಯಿತು, ಇನ್ನೊಂದು ರೂಪ 2007ರಲ್ಲಿ ಚರ್ಮಕ್ಕೆ ಹಚ್ಚುವ ಮುಲಾಮಾಯಿತು, ಮತ್ತೊಂದು ನ್ಯುಮೋನಿಯಾಗೆ ನುಂಗುವ ಮಾತ್ರೆಯಾಗಿ ಬಂದದ್ದು 2019ರಲ್ಲಿ. ಮಣ್ಣು ಜಾಲಾಡಿದಾಗ ಹಳೆಯ ಅಣುಗಳೇ ಮತ್ತೆ ಮತ್ತೆ ಸಿಗುತ್ತವೆ. ಶಿಲೀಂಧ್ರದ ಬಹುಪಾಲು ಅಸ್ತ್ರಗಳ ಜೀನ್‌ಗಳು ಪ್ರಯೋಗಾಲಯದ ಸುಖದಲ್ಲಿ ನಿದ್ದೆ ಮಾಡುತ್ತವೆ. ಶತ್ರುವಿಲ್ಲದ ಕಡೆ ಬಾಣವೇಕೆ? ಅವುಗಳನ್ನು ಎಬ್ಬಿಸಲು ಈಗ ಎರಡು ಜೀವಿಗಳನ್ನು ಒಂದೇ ತಟ್ಟೆಯಲ್ಲಿ ಬೆಳೆಸುವುದು, ಜೀನ್ ಓದಿ ಮುನ್ಸೂಚನೆ ಪಡೆಯುವುದು ನಡೆದಿದೆ.

ಹಣದ ಮಾತೂ ಇದೆ. ಕೊಲೆಸ್ಟ್ರಾಲ್ ಮಾತ್ರೆಯನ್ನು ಮೂವತ್ತು ವರ್ಷ ನುಂಗುತ್ತೇವೆ, ಆ್ಯಂಟಿಬಯೋಟಿಕ್ ಐದು ದಿನ. ಕಂಪನಿಗಳು ಎತ್ತ ಒಲಿಯುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಇರುವವನ್ನು ಹಾಳುಮಾಡಿಕೊಳ್ಳಬಾರದು. ಪೂರ್ತಿ ಪ್ರಮಾಣದಲ್ಲಿ ತೆಗೆದುಕೊಳ್ಳದಿದ್ದರೆ ಬ್ಯಾಕ್ಟೀರಿಯಾ ಪಳಗುತ್ತವೆ ಎಂದು ಫ್ಲೆಮಿಂಗ್ ಅವರೇ 1945ರ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು. ಮಾತ್ರೆಯ ಹಾಳೆಯ ಮೇಲೆ ಕೆಂಪು ಗೆರೆ ಇದ್ದರೆ ಅದನ್ನು ಚೀಟಿಯಿಲ್ಲದೆ ಕೊಳ್ಳಬೇಡಿ, ನೆಗಡಿಗೆ ನುಂಗಬೇಡಿ, ಪಕ್ಕದ ಮನೆಯವರು ಉಳಿಸಿಟ್ಟದ್ದನ್ನು ಕೇಳಿ ಪಡೆಯಬೇಡಿ.

ನಮ್ಮ ಹೊಲದ ಮಣ್ಣಿನಲ್ಲಿ ಔಷಧ ಸಿಕ್ಕರೆ ಅದು ಯಾರದು?

ಈ ಪ್ರಶ್ನೆಯನ್ನು ಹೊಸದುರ್ಗದ ಕಡೆ ದಾಳಿಂಬೆ ಬೆಳೆಯುವ ಯುವಕನೊಬ್ಬ ಕೇಳಿದ, ಎಲ್ಲರೂ ಕೇಳಬೇಕಾದದ್ದು. ನಾರ್ವೆಯ ಮಣ್ಣಿನಿಂದ ಬಂದ ಸೈಕ್ಲೋಸ್ಪೊರಿನ್ ಕೋಟಿಗಟ್ಟಲೆ ಗಳಿಸಿತು, ನಾರ್ವೆಗೆ ಪಾಲು ಸಿಗಲಿಲ್ಲ. ಆಗ ಕಾನೂನೂ ಇರಲಿಲ್ಲ. ನಮ್ಮಲ್ಲಿ ಈಗ 2002ರ ಜೀವವೈವಿಧ್ಯ ಕಾಯ್ದೆ ಇದೆ. ವಿದೇಶಿಯರು ನಮ್ಮ ಜೈವಿಕ ಸಂಪತ್ತನ್ನು ಒಯ್ಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು, ಲಾಭದಲ್ಲಿ ಪಾಲಿನ ಮಾತೂ ಅದರಲ್ಲಿದೆ. ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ದಾಖಲೆ ಪುಸ್ತಕದಲ್ಲಿ ಮರ ಗಿಡಗಳ ಜೊತೆ ಅಣಬೆಗಳನ್ನೂ ಬರೆದಿದ್ದಾರೆಯೇ ಎಂದು ಕೇಳಿ. ಒಳ್ಳೆಯ ಬೂಸ್ಟು ಸಿಕ್ಕರೆ ಅದನ್ನು ಜೋಪಾನ ಮಾಡಲು ಪುಣೆಯಲ್ಲಿ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹ ಕೇಂದ್ರವಿದೆ.

ಮಗಳು ಹೈಸ್ಕೂಲಿನಲ್ಲಿದ್ದಾಳೆ. ಮನೆಯಲ್ಲಿ ಬೂಸ್ಟು ಬೆಳೆಸಿ ನೋಡಬಹುದೇ?

ನೋಡಲಿ, ಮುಚ್ಚಳ ತೆಗೆಯದೆ. ಬಿಗಿ ಮುಚ್ಚಳದ ಅಗಲ ಬಾಯಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ. ಒದ್ದೆ ಮಾಡಿದ ಬ್ರೆಡ್ ಚೂರು, ನಿಂಬೆಹಣ್ಣಿನ ಹೋಳು, ಒಂದು ತುಂಡು ರೊಟ್ಟಿ ಹಾಕಿ ಮುಚ್ಚಿ, ಸುತ್ತ ಟೇಪ್ ಅಂಟಿಸಿ, ಬಿಸಿಲು ಬೀಳದ ಕಡೆ ಇಡಿ. ದಿನಕ್ಕೊಮ್ಮೆ ಗಾಜಿನ ಹೊರಗಿನಿಂದ ಭೂತಗನ್ನಡಿ ಹಿಡಿದು ನೋಡಿ, ನೋಟ್‌ಬುಕ್ಕಿನಲ್ಲಿ ಬಣ್ಣದ ಪೆನ್ಸಿಲ್‌ನಿಂದ ಬಿಡಿಸಲಿ. ಎರಡು ಬಣ್ಣದ ಬೂಸ್ಟುಗಳು ಎದುರುಬದುರಾಗಿ ಬೆಳೆದು ನಡುವೆ ಗೆರೆ ಎಳೆದಂತೆ ನಿಂತರೆ ಆ ಜಾಗವನ್ನು ದೊಡ್ಡದಾಗಿ ಬಿಡಿಸಲು ಹೇಳಿ, ಅಳತೆಯನ್ನೂ ಬರೆಯಲಿ. ಅಸ್ತಮಾ ಇರುವವರ ಕೋಣೆಯಲ್ಲಿ ಬಾಟಲಿ ಇಡಬೇಡಿ. ಎರಡು ವಾರವಾದ ಮೇಲೆ ಬಾಟಲಿಯನ್ನು ತೆರೆಯದೆ ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ. ಚಿತ್ರಗಳನ್ನು ಮಾತ್ರ ಎಸೆಯಬೇಡಿ, ನಮ್ಮ ಸಭೆಗೆ ತನ್ನಿ, ನನಗೂ ನೋಡಬೇಕಾಗಿದೆ.